ಸೌಂದರತ್ತೆಯ ಚೊಚ್ಚಲ ಪ್ಲೇಟು

ನಮ್ಮ ಮನೆಯ ಗೋಡೆಯ ಮೇಲೆ ಒಂದು ಪಟ್ಟಿ ಬಂದು ಕೂತಿದೆ. ಅಂಟಿಸಿದವಳು ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗಳು ಪವಿತ್ರಾ. ಒಂದರಿಂದ ಹತ್ತರವರೆಗೆ ಅಂಕಿಗಳು, ಅಂಕಿಗಳ ಮುಂದೆ ಇಂಗ್ಲಿಷ್ ಹೆಸರುಗಳು. ಕನ್ನಡಕ ಹಾಕಿಕೊಂಡು ಕೂಡಿಸಿ ಕೂಡಿಸಿ ಓದಿದೆ. ಒಂದು ಕಾಯಿಲೆಯ ಹಾಗಿತ್ತು, ಒಂದು ಆಯುಧದ ಹಾಗಿತ್ತು, ಇನ್ನೊಂದು ಸ್ಮಶಾನದ ಬೋರ್ಡಿನ ಹಾಗಿತ್ತು. ಪೊಲೀಸ್ ಸ್ಟೇಷನ್ನಿನಿಂದ ಕಿತ್ತು ತಂದ ಕಾಗದವೇನೋ ಎಂದು ಗಾಬರಿಯಾಗಿ ಕೇಳಿದರೆ, ಹೆವಿ ಮೆಟಲ್ ಎಂಬ ಸಂಗೀತದಲ್ಲಿ ಇಡೀ ಪ್ರಪಂಚಕ್ಕೇ ಅತ್ಯುತ್ತಮವಾದ ಹತ್ತು ಚೊಚ್ಚಲ ಆಲ್ಬಮ್‌ಗಳಂತೆ ಇವು. ಚೊಚ್ಚಲು ಎಂಬ ಮಾತನ್ನು ನಾನು ಈ ತನಕ ಬಸುರಿಯರ ವಿಷಯದಲ್ಲಿ ಬಳಸಿದ್ದೆನೇ ಹೊರತು ಗಿಟಾರ್ ಹಿಡಿದ ಉದ್ದ ಕೂದಲಿನ ಗಂಡಸರ ವಿಷಯದಲ್ಲಿ ಬಳಸಿರಲಿಲ್ಲ.

"ಫಸ್ಟ್ ಆಲ್ಬಮ್ ತಾನ್ ಅಜ್ಜಿ ಮುಖ್ಯ," ಎಂದಳು ಪವಿ. "ಆಮೇಲೆ ಎಲ್ಲಾರೂ ಬುದ್ಧಿವಂತ್ರಾಗ್ಬುಡ್ತಾರೆ. ಮೊದಲ್ನೇದ್ರಲ್ಲಿ ತಾನ್ ಅವ್ರು ನಿಜವಾ ಯಾರೂಂತ ಗೊತ್ತಾಗೋದು."

ಅವಳು ಪಟ್ಟಿಯ ಮೊದಲ ಕ್ಯಾಸೆಟ್ಟನ್ನು ಹಾಕಿದ ದಿನ ನಾನು ಅಡಿಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದೆ. ಕೈ ನಿಂತುಹೋಯಿತು. ಕಡೆಗೋಲು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತೆ. ಪವಿ ನನ್ನ ಮುಖ ನೋಡಿ ಓಡಿಹೋಗಿ ಸದ್ದು ತಗ್ಗಿಸಿದಳು. "ಭಯ ಆಯ್ತಾ ಅಜ್ಜಿ? ಸಾರಿ ಅಜ್ಜಿ."

"ಇಲ್ಲ ಕಣ್ಣು, ಕಡಿಮೆ ಮಾಡ್ಬೇಡ, ಜಾಸ್ತಿ ಮಾಡು," ಎಂದೆ. "ಇದು ನಮ್ಮನೆ ಸದ್ದು."

ಈಗ ಬೆಚ್ಚಿಬೀಳುವ ಸರದಿ ಅವಳದಾಯಿತು. ಆ ಹುಡುಗರು ಇಂಗ್ಲೆಂಡಿನ ಯಾವುದೋ ಕಾರ್ಖಾನೆಯ ಊರಿನವರಂತೆ. ಹಗಲೆಲ್ಲ ಕಬ್ಬಿಣ ಬಡಿಯುವ ಸದ್ದಿನಲ್ಲೇ ಬೆಳೆದವರಿರಬೇಕು. ಇಲ್ಲದಿದ್ದರೆ ಅವರಿಗೆ ನನ್ನ ತವರುಮನೆಯ ವಿಷಯ ಹೇಗೆ ಗೊತ್ತಾಗುತ್ತಿತ್ತು, ನೀವೇ ಹೇಳಿ.

ನನ್ನ ತವರು ಅನ್ನೂರಿನ ಪಕ್ಕದ ಒಂದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಕನ್ನಡದಲ್ಲೂ ಅರ್ಧ ತಮಿಳೇ. ಮಗ್ಗವನ್ನು ನಾವು ಮಗ್ಗ ಎಂದವರಲ್ಲ, ತರಿ ಎನ್ನುತ್ತಿದ್ದೆವು; ಹಾಡಿಗೆ ಪಾಟು, ಮುದ್ದಿನ ಮಕ್ಕಳಿಗೆ ಕಣ್ಣು. ಐವತ್ತರ ದಶಕದ ಮೊದಲಲ್ಲಿ ಬೀದಿಗೆ ಕರೆಂಟು ಬಂತು. ಅಪ್ಪ ಕೈಮಗ್ಗದ ಕುಳಿ ಮುಚ್ಚಿಸಿ, ಕೊಯಮತ್ತೂರಿನ ಯಾವುದೋ ಮಿಲ್ಲು ಹೊರಗೆ ಹಾಕಿದ್ದ ಎರಡು ಹಳೆಯ ವಿದ್ಯುತ್ ಮಗ್ಗಗಳನ್ನು ಎತ್ತಿನ ಗಾಡಿಯಲ್ಲಿ ತಂದರು. ಅಪ್ಪಟ ಬೀಡುಕಬ್ಬಿಣ. ಇಳಿಸಲು ಬೀದಿಯ ಗಂಡಸರೆಲ್ಲ ಸೇರಬೇಕಾಯಿತು. ಮನೆಯ ಮುಂದಿನ ಅಂಕಣವನ್ನು ಎರಡು ಮಾಡಿ ಎದೆಯೆತ್ತರಕ್ಕೆ ಒಂದು ಗೋಡೆ ಕಟ್ಟಿದರು. ಗೋಡೆಯ ಆಚೆ ಮಗ್ಗಗಳು, ಈಚೆ ನಾವು. ಅರ್ಧ ಗೋಡೆ ಯಾವ ಸದ್ದನ್ನು ತಡೆಯುತ್ತದೆ ಎಂದು ಯಾರೂ ಅಪ್ಪನನ್ನು ಕೇಳಲಿಲ್ಲ.

ಮಗ್ಗಗಳು ಓಡತೊಡಗಿದರೆ ಗೂಡಿನ ಮೇಲಿನ ಹಿತ್ತಾಳೆ ಲೋಟಗಳು ತಾವಾಗಿಯೇ ನಡೆದು ಅಂಚಿಗೆ ಬರುತ್ತಿದ್ದವು. ಆಗಾಗ ಹೋಗಿ ಅವನ್ನು ಹಿಂದಕ್ಕೆ ತಳ್ಳುವುದು ನನ್ನ ಕೆಲಸ. ಕೊಡದ ನೀರಿನ ಮೇಲೆ ಸದಾ ಸಣ್ಣ ಸಣ್ಣ ಉಂಗುರಗಳು. ಆ ಮನೆಯಲ್ಲಿ ಗಂಟಲಿಗೆ ಕೆಲಸವೇ ಇರಲಿಲ್ಲ. ತುಟಿ ಆಡಿಸಿದರೆ ಸಾಕು, ಓದಿಕೊಳ್ಳುತ್ತಿದ್ದೆವು. ಉಳಿದದ್ದಕ್ಕೆ ಕೈಸನ್ನೆ. ಒಂದು ಬೆರಳು ಸುತ್ತಿಸಿದರೆ ನೂಲು ಸುತ್ತಿದ ಕಂಡಿಕೆ ತಾ ಎಂದು ಅರ್ಥ. ಮುಷ್ಟಿ ಹಿಡಿದರೆ ಮಗ್ಗ ನಿಲ್ಲಿಸು. ಎರಡೂ ಅಂಗೈ ಎತ್ತಿ ಮುಂದಕ್ಕೆ ನೂಕಿದರೆ, ಎಲ್ಲಾ ಸರಿ ಇದೆ, ಓಡಲಿ ಬಿಡು, ಇನ್ನೂ ಓಡಲಿ. ಈ ಕೊನೆಯ ಸನ್ನೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೀಗೆ ಬೆಳೆದವಳು ಶಾಲೆಯಲ್ಲಿ ಪಾಠ ಒಪ್ಪಿಸುವಾಗ ತುಟಿ ಮಾತ್ರ ಆಡಿಸಿ ಪೆಟ್ಟು ತಿಂದಿದ್ದೇನೆ. ಬೀದಿಯಲ್ಲಿ ಪಕ್ಕದಲ್ಲೇ ನಿಂತ ಗೆಳತಿಯ ಕಿವಿಗೆ ಕಿರುಚಿ ಅವಳಿಂದ ಬೈಸಿಕೊಂಡಿದ್ದೇನೆ. ಮುಂದೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆಂದು ಮೈಸೂರಿನ ಕಡೆಯಿಂದ ಬಂದವರನ್ನು ಮದುವೆಯಾಗಿ ಕೊಯಮತ್ತೂರಿಗೆ ಬಂದಾಗ, ಆ ಮನೆಯ ನಿಶ್ಶಬ್ದಕ್ಕೆ ನನಗೆ ವಾರಗಟ್ಟಲೆ ಊಟ ಸೇರಲಿಲ್ಲ. ಮೂಲೆಯಲ್ಲಿ ಗೋಡೆ ಗಡಿಯಾರ ಟಿಕ್ ಎಂದರೂ ತಿರುಗಿ ನೋಡುತ್ತಿದ್ದೆ. ಕನ್ನಡದ ಅಕ್ಷರ ನಾನು ಕಲಿತದ್ದೂ ಆಮೇಲೆಯೇ, ಸ್ಲೇಟು ಹಿಡಿದು, ಗಂಡನಿಂದ. ಆದ್ದರಿಂದ ಈ ಬರಹದಲ್ಲಿ ಕಾಗುಣಿತ ಸರಿಯಿದ್ದರೆ ಅದು ಅವರದು, ತಪ್ಪಿದ್ದರೆ ನನ್ನ ತವರಿನದು.

ಅಮ್ಮನ ಜಾಗ ಎರಡು ಮಗ್ಗಗಳ ನಡುವೆ. ಅವಳ ಹೆಸರು ನಂಜಮ್ಮ, ತಿರುಪ್ಪೂರಿನ ಕಡೆಯವಳು. ಒಂದು ಕೈ ಈ ಮಗ್ಗದ ಮೇಲೆ, ಒಂದು ಕೈ ಆ ಮಗ್ಗದ ಮೇಲೆ, ಕಣ್ಣು ನೂಲಿನ ಮೇಲೆ, ಬೆನ್ನು ನಮ್ಮ ಕಡೆಗೆ. ನನ್ನ ನೆನಪಿನಲ್ಲಿ ಅಮ್ಮನ ಮುಖಕ್ಕಿಂತ ಬೆನ್ನೇ ಹೆಚ್ಚು ಸ್ಪಷ್ಟವಾಗಿದೆ. ಕೂಗಿದರೆ ಕೇಳುವುದಿಲ್ಲ. ಹೋಗಿ ಬೆನ್ನು ತಟ್ಟಬೇಕು, ಆಗ ತಿರುಗುತ್ತಾಳೆ, ಆಗ ತುಟಿ ಆಡಿಸಬೇಕು. ಮಾತು ಬಹಳ ಕಡಿಮೆ. ಹಾಡು ಅಂತೂ ಇಲ್ಲವೇ ಇಲ್ಲ. ಅಮ್ಮನದು ದಪ್ಪ ದನಿ. ಹೊಸದಾಗಿ ಮನೆ ತುಂಬಿದಾಗ ಏನೋ ಹಾಡಲು ಹೋದಳಂತೆ. ಅಜ್ಜಿ, ಎಂದರೆ ಅಪ್ಪನ ತಾಯಿ, "ಇದೇನೇ ಗಂಡು ಗಂಟಲು" ಎಂದು ಅಲ್ಲಿಗೇ ನಿಲ್ಲಿಸಿದಳಂತೆ. ಇದನ್ನು ಅಜ್ಜಿಯೇ ನಮಗೆ ನಗುನಗುತ್ತ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು. ನನಗೆ ಜೋಗುಳ ಹಾಡಿದವಳೂ ಅಜ್ಜಿಯೇ ಅಂತೆ.

ನಮ್ಮ ಮನೆಯ ಹಾಡುಗಾರ್ತಿ ಸೌಂದರತ್ತೆ, ಅಪ್ಪನ ಕೊನೆಯ ತಂಗಿ. ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ಜೇನಿನಂಥ ದನಿ ಎಂದು ಬೀದಿಯಲ್ಲೆಲ್ಲ ಹೇಳುತ್ತಿದ್ದರು. ನೂಲು ಸುತ್ತುವಾಗ ಹಾಡುವ ಒಂದು ಹಾಡು ಅವಳದೇ ಎಂದು ಹೆಸರಾಗಿತ್ತು. "ಯಾರ ಮೈಗೆ ಹೊರಟ್ಯೇ ನೂಲೇ, ಯಾರ ಮೈಗೆ ಹೊರಟ್ಯೇ" ಎಂದು ಅದರ ಪಲ್ಲವಿ. ಮದುಮಗಳ ಮೈಗೋ, ಮಗುವಿನ ಮೈಗೋ, ಮಣ್ಣಿಗೆ ಹೋಗುವವರ ಮೈಗೋ ಎಂದು ನೂಲನ್ನು ಕೇಳುತ್ತ ಹೋಗುವ ಹಾಡು. ಎಲ್ಲಿ ಕಲಿತಳೋ, ನಾವು ಕೇಳಿದವರಲ್ಲ. ಮದುವೆ ಮನೆಗಳಿಗೆ ಅವಳನ್ನು ಕರೆದುಕೊಂಡು ಹೋಗಿ ಹಾಡಿಸುತ್ತಿದ್ದರು. ಆ ಕಾಲಕ್ಕೆ ಮದುವೆಯ ವಯಸ್ಸು ಅವಳಿಗೆ ಆಗಲೇ ಮೀರಿತ್ತು. ಆದರೂ ಬಂದ ಎರಡು ಗಂಡುಗಳನ್ನು ಅವಳು ವಾಪಸ್ಸು ಕಳಿಸಿದ್ದಳು. ಅವಳಿಗೆ ಬೇಕಾಗಿದ್ದದ್ದು ಪ್ಲೇಟು. ತನ್ನ ದನಿ ಗ್ರಾಮಫೋನಿನ ಪ್ಲೇಟಿನಲ್ಲಿ ಬರಬೇಕು, ಮದ್ರಾಸಿನವರು ಕೇಳಿ ಕರೆಸಿಕೊಳ್ಳಬೇಕು. ಅದೊಂದೇ ಆಸೆ. ನನಗೆ ಅವಳ ಮೇಲೆ ಹುಚ್ಚು ಅಭಿಮಾನ. ಅವಳು ಜಡೆ ಹಾಕಿದ ಹಾಗೆ ಹಾಕಿಕೊಳ್ಳುತ್ತಿದ್ದೆ, ಅವಳು ಕೆಮ್ಮಿದ ಹಾಗೆ ಕೆಮ್ಮುತ್ತಿದ್ದೆ.

ನನಗೆ ಹದಿನೇಳು ತುಂಬಿದ ವರ್ಷ ಅಪ್ಪ ಹೇಗೋ ಒಬ್ಬರನ್ನು ಹಿಡಿದರು. ಕೊಯಮತ್ತೂರಿನ ಮಾಣಿಕ್ಕಂ ಎಂಬುವರು. ಅವರ ಹತ್ತಿರ ಪ್ಲೇಟು ಕೊರೆಯುವ ಯಂತ್ರವಿತ್ತು. ಒಳ್ಳೆಯ ದನಿ ಸಿಕ್ಕರೆ ಪ್ಲೇಟು ಕೊರೆದು ಮದ್ರಾಸಿಗೆ ಒಯ್ದು ಕೇಳಿಸುವವರು. ಒಂದು ದಿನ ಹೊತ್ತು ಏರುವ ಮುಂಚೆ ಬಾಡಿಗೆ ಕಾರಿನಲ್ಲಿ ಯಂತ್ರದ ಪೆಟ್ಟಿಗೆ ಹೇರಿಕೊಂಡು ಬಂದರು. ಅಪ್ಪ ಅವತ್ತೇ ಬಟ್ಟೆ ಗಂಟು ಹೊತ್ತುಕೊಂಡು ತಿರುಪ್ಪೂರಿಗೆ ಹೋಗಬೇಕಾಗಿ ಬಂದದ್ದರಿಂದ ಮನೆಯಲ್ಲಿ ನಾವು ಹೆಂಗಸರೇ.

ಆ ದಿನಗಳಲ್ಲಿ ಕರೆಂಟನ್ನು ಸರದಿಯ ಮೇಲೆ ಕೊಡುತ್ತಿದ್ದರು. ಅವತ್ತು ನಮ್ಮ ಬೀದಿಗೆ ಮಧ್ಯಾಹ್ನದ ಸರದಿ. ಮಾಣಿಕ್ಕಂ ಬಂದಾಗ ಮಗ್ಗಗಳು ತಣ್ಣಗೆ ನಿಂತಿದ್ದವು. ಅವರು ಸುತ್ತ ನೋಡಿ, ಕಿವಿಗೊಟ್ಟು, "ಆಹಾ, ಎಂಥ ನಿಶ್ಶಬ್ದವಾದ ಮನೆ!" ಎಂದು ತಮಿಳಿನಲ್ಲಿ ಮೆಚ್ಚಿಕೊಂಡರು. ತಮ್ಮ ಗೌರವಕ್ಕಾಗಿ ಕೆಲಸ ನಿಲ್ಲಿಸಿದ್ದೇವೆ ಎಂದುಕೊಂಡರೋ ಏನೋ. ನಮಗೋ, ಮಗ್ಗದ ಸದ್ದು ಸದ್ದು ಎನ್ನುವುದೇ ಹೊಳೆಯಲಿಲ್ಲ. ಉಸಿರಾಡುವ ಸದ್ದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಮಗ್ಗವಿರುವ ಮನೆಯಲ್ಲಿ ಮಗ್ಗ ಓಡುತ್ತದೆ ಎಂದು ಅವರಿಗೆ ನಾವು ಹೇಳಲಿಲ್ಲ. ಇವತ್ತು ಓಡಿಸಬೇಡ ಎಂದು ಅಮ್ಮನಿಗೂ ಯಾರೂ ಹೇಳಲಿಲ್ಲ.

ಯಂತ್ರಕ್ಕೂ ಕರೆಂಟು ಬೇಕು. ಕರೆಂಟಿನ ತಂತಿ ಇದ್ದದ್ದು ಮಗ್ಗದ ಕಡೆ. ಆದ್ದರಿಂದ ಯಂತ್ರವನ್ನು ಗೋಡೆಗೆ ತಾಗಿಸಿ ಇಟ್ಟು, ಮೈಕನ್ನು ಅರ್ಧ ಗೋಡೆಯ ನೆತ್ತಿಯ ಮೇಲೆ ಕೂರಿಸಿದರು. ಅದು ಎರಡೂ ಕಡೆಯಿಂದ ಕೇಳಿಸಿಕೊಳ್ಳುವ ಮೈಕು, ಇಡೀ ಜಿಲ್ಲೆಯಲ್ಲಿ ಇಂಥದ್ದು ಇದೊಂದೇ ಎಂದು ಬೀಗಿದರು. ಈಚೆ ಮೊಳದ ದೂರದಲ್ಲಿ ಅತ್ತೆ, ಹೊಸ ಸೀರೆಯಲ್ಲಿ. ಆಚೆ ಅಷ್ಟೇ ದೂರದಲ್ಲಿ ಅಮ್ಮ, ಹಳೆಯ ಸೀರೆಯಲ್ಲಿ, ಎಂದಿನಂತೆ ಬೆನ್ನು ಹಾಕಿಕೊಂಡು ಕರೆಂಟಿಗೆ ಕಾಯುತ್ತಿದ್ದಳು. ಮಾಣಿಕ್ಕಂ ಒಂದೇ ಒಂದು ಖಾಲಿ ಪ್ಲೇಟು ತಂದಿದ್ದರು. ಮುಳ್ಳು ಪ್ಲೇಟಿಗೆ ತಾಗಿದ ಮೇಲೆ ಮುಗಿಯುವ ತನಕ ಯಾರೂ ಯಂತ್ರವನ್ನು ಮುಟ್ಟಕೂಡದು, ಮುಟ್ಟಿದರೆ ಪ್ಲೇಟು ಹೋಯಿತು ಎಂದು ಬೆರಳೆತ್ತಿ ಹೇಳಿದರು. ಅಜ್ಜಿ ಅದನ್ನು ವೇದವಾಕ್ಯ ಎಂದುಕೊಂಡು ಯಂತ್ರದ ಪಕ್ಕದಲ್ಲೇ ಕಾವಲು ಕೂತಳು.

ಊಟದ ಹೊತ್ತಿಗೆ ಕರೆಂಟು ಬಂತು. ಬಲ್ಬು ಹತ್ತಿತು. ಪ್ಲೇಟು ತಿರುಗತೊಡಗಿತು. ಮಾಣಿಕ್ಕಂ ಮುಳ್ಳು ಇಳಿಸಿ ಅತ್ತೆಗೆ ತಲೆಯಾಡಿಸಿದರು. ಅದೇ ಕ್ಷಣದಲ್ಲಿ ಗೋಡೆಯ ಆಚೆ ಅಮ್ಮನ ಎರಡು ಕೈಗಳು ಎರಡು ಹಿಡಿಗಳನ್ನು ಎಳೆದವು.

ಆ ಮನುಷ್ಯ ಕೂತಲ್ಲಿಂದ ಎಗರಿಬಿದ್ದ. ನಾನು ಸುಳ್ಳು ಹೇಳುತ್ತಿಲ್ಲ, ಎರಡೂ ಕಾಲು ನೆಲ ಬಿಟ್ಟಿದ್ದವು. ಯುದ್ಧವೇ ಶುರುವಾಯಿತು ಎನ್ನುವ ಹಾಗೆ ಕಣ್ಣು ಬಿಟ್ಟ. "ನಿಪ್ಪಾಟ್ಟುಂಗೋ! ನಿಪ್ಪಾಟ್ಟುಂಗೋ!" ಎಂದು ಅವನ ತುಟಿ ಆಡುತ್ತಿತ್ತು, ನಿಲ್ಲಿಸಿ, ನಿಲ್ಲಿಸಿ ಎಂದು. ಆದರೆ ತಲೆಯನ್ನು ಅತ್ತ ಇತ್ತ ಅಲ್ಲಾಡಿಸುತ್ತಿದ್ದವನ ತುಟಿಯನ್ನು ಓದುವುದು ಹೇಗೆ? ನಮಗೆ ಕಂಡದ್ದು ಅವನ ಕೈ. ಎರಡೂ ಅಂಗೈ ಎತ್ತಿ ಮುಂದಕ್ಕೆ ನೂಕುತ್ತಿದ್ದ. ಎಲ್ಲಾ ಸರಿ ಇದೆ, ಓಡಲಿ ಬಿಡು, ಇನ್ನೂ ಓಡಲಿ! ಮೆಚ್ಚುಗೆಯಾಗಿದೆ ಎಂದುಕೊಂಡು ಅತ್ತೆ ದನಿ ಏರಿಸಿದಳು. ನಾನು ಸಂತೋಷದಿಂದ ಅವನಿಗೆ ಅದೇ ಸನ್ನೆ ತಿರುಗಿ ಮಾಡಿದೆ. ಅವನು ಮುಳ್ಳು ಎತ್ತಲು ಕೈ ಚಾಚಿದ. ಅಜ್ಜಿ ಅವನ ಮುಂಗೈಯನ್ನು ಹಿಡಿದುಕೊಂಡಳು. ಕೂಡದು ಎಂದವನೇ ಮುಟ್ಟಲು ಹೋದರೆ ಬಿಡುತ್ತಾಳೆಯೇ? ರುಬ್ಬುಗುಂಡು ತಿರುಗಿಸಿದ ಕೈ ಅದು. ಅವನು ಕೊಸರಾಡಿದ, ಅವಳು ಬಿಡಲಿಲ್ಲ.

ಹಾಡು ಎರಡನೇ ನುಡಿಗೆ ಬಂದಿತ್ತು. ಇದ್ದಕ್ಕಿದ್ದಂತೆ ಸೌಂದರತ್ತೆಯ ಬಾಯಿ ನಿಂತಿತು. ಮುಖ ಬಿಳಿಚಿಕೊಂಡಿತು. ಈ ಕೈಕೈ ಮಿಲಾಯಿಸುವುದನ್ನು ನೋಡಿ ಹೆದರಿದಳು ಎಂದುಕೊಂಡೆ. ಮುಳ್ಳು ತನ್ನ ಪಾಡಿಗೆ ಕೊನೆಯವರೆಗೂ ಕೊರೆಯಿತು. ಆಮೇಲಷ್ಟೇ ಅಜ್ಜಿ ಅವನ ಕೈ ಬಿಟ್ಟಳು.

ಕೊರೆದದ್ದನ್ನು ಕೇಳಲು ಮಗ್ಗಗಳನ್ನು ನಿಲ್ಲಿಸಿದೆವು. ಮಾಣಿಕ್ಕಂ ಪ್ಲೇಟು ಹಾಕಿದರು. ದೇವರೇ! ನಮ್ಮ ಜನ್ಮದಲ್ಲಿ ಅಂಥ ಸದ್ದು ನಾವು ಕೇಳಿರಲಿಲ್ಲ. ಅಜ್ಜಿ ಕಿವಿ ಮುಚ್ಚಿಕೊಂಡು, "ಇದೆಂಥಾ ರಾಕ್ಷಸ ಸದ್ದು ಸಾಮಿ! ಎಲ್ಲಿಂದ ತಂದ್ರಿ?" ಎಂದು ಕೇಳಿದಳು. ಪಕ್ಕದ ಮನೆಯವರು ಓಡಿಬಂದರು. ಅದು ನಮ್ಮ ಮನೆಯದೇ ಸದ್ದು, ಇಷ್ಟು ವರ್ಷ ನಾವು ಅದರೊಳಗೇ ಉಂಡು ಮಲಗಿ ಬೆಳೆದಿದ್ದೇವೆ ಎಂದು ನಮಗೆ ತಿಳಿಯಲು ಬಹಳ ಹೊತ್ತು ಹಿಡಿಯಿತು. ಅತ್ತೆಯ ಜೇನಿನಂಥ ದನಿ ಎಲ್ಲೋ ಒಂದೆಡೆ ಇಲಿಮರಿ ಕಿರುಗುಟ್ಟಿದಷ್ಟು ಕೇಳಿಸಿ ಮುಳುಗಿಹೋಯಿತು. ಇದನ್ನು ಮದ್ರಾಸಿಗೆ ಒಯ್ದರೆ ನನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ ಎಂದು ಹೇಳಿ ಮಾಣಿಕ್ಕಂ ಪೆಟ್ಟಿಗೆ ಕಟ್ಟಿದರು. ಪ್ಲೇಟನ್ನು ಗೋಡೆಯ ಮೇಲೇ ಬಿಟ್ಟು ಹೋದರು. ಅಂಥವರು ಮತ್ತೆ ನಮ್ಮ ಬೀದಿಯ ಕಡೆ ತಲೆ ಹಾಕಲಿಲ್ಲ.

ಅಜ್ಜಿ ಅಮ್ಮನ ಕಡೆ ತಿರುಗಿದಳು. "ಮಗಳ ಬಾಳು ಕೆಡಿಸ್ಬುಟ್ಯಲ್ಲೇ ಪಾವಿ! ಬೇಕೂಂತ ತಾನೇ ತರಿ ಓಡ್ಸಿದ್ದು?"

"ಕರೆಂಟ್ ಬಂತು ಅತ್ತೇ," ಎಂದಳು ಅಮ್ಮ. ಅಷ್ಟೇ ಅವಳು ಹೇಳಿದ್ದು. ಸೌಂದರತ್ತೆ ಗೋಡೆಗೆ ಒರಗಿ ಕೂತವಳು ಪರವಾಗಿಯೂ ಹೇಳಲಿಲ್ಲ, ವಿರೋಧವಾಗಿಯೂ ಹೇಳಲಿಲ್ಲ.

ಇನ್ನು ನನ್ನ ಪಾಲಿನದನ್ನು ಹೇಳಿಬಿಡುತ್ತೇನೆ. ಸಂಜೆ ಮಗ್ಗಗಳು ಮತ್ತೆ ಓಡುತ್ತಿದ್ದವು. ನಾನು ಹೋಗಿ ಅಮ್ಮನ ಬೆನ್ನು ತಟ್ಟಿದೆ. ತಿರುಗಿದಳು. ಒಂದೊಂದು ಅಕ್ಷರವೂ ತಿಳಿಯುವ ಹಾಗೆ ತುಟಿ ಬಿಡಿಸಿ ಹೇಳಿದೆ: "ನಿನಗೆ ಹೊಟ್ಟೆಕಿಚ್ಚು. ನಿನಗೆ ಹಾಡಕ್ಕೆ ಬರಲ್ಲ ಅಂತ ಹೊಟ್ಟೆಕಿಚ್ಚು." ಅಮ್ಮ ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದಳು. ಆಮೇಲೆ ತಿರುಗಿ ಖಾಲಿಯಾದ ಕಂಡಿಕೆ ಬದಲಾಯಿಸಿದಳು. ಗಟ್ಟಿಯಾಗಿ ಆಡಿದ್ದರೆ ಮಗ್ಗದ ಸದ್ದಿನಲ್ಲಿ ಆ ಮಾತು ಕಳೆದುಹೋಗುತ್ತಿತ್ತು. ನಾನು ಅವಳಿಗೆ ಖಂಡಿತ ಕೇಳಿಸುವ ಹಾಗೆಯೇ ಆಡಿದ್ದೆ. ಅಮ್ಮ ಸತ್ತು ಹನ್ನೊಂದು ವರ್ಷವಾಯಿತು. ಆ ಮಾತನ್ನು ನಾನು ವಾಪಸ್ಸು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕು ಎಂದು ಅನ್ನಿಸಿರಲೂ ಇಲ್ಲ, ಅದೇ ನನಗೀಗ ನಾಚಿಕೆ.

ಆ ವರ್ಷವೇ ಅತ್ತೆ ಮುಂದೆ ಬಂದ ಗಂಡಿಗೆ ಹೂಂ ಎಂದು ತುಡಿಯಲೂರಿಗೆ ಹೋದಳು. ಮತ್ತೆ ಹಾಡಲಿಲ್ಲ. ತನ್ನ ಮಕ್ಕಳಿಗೆ ಜೋಗುಳ ಕೂಡ ಹಾಡಲಿಲ್ಲ. ಪ್ಲೇಟಿನಿಂದ ಮನಸ್ಸು ಮುರಿಯಿತು ಎಂದು ಬಂಧುಗಳೆಲ್ಲ ಹೇಳುತ್ತಿದ್ದರು, ಹೇಳುವಾಗಲೆಲ್ಲ ಅಮ್ಮನ ಕಡೆ ಒಮ್ಮೆ ನೋಡುತ್ತಿದ್ದರು. ಕೊನೆಕೊನೆಗೆ ಅಮ್ಮನಿಗೆ ಕಿವಿ ಪೂರ್ತಿ ಹೋಗಿತ್ತು, ಆದರೆ ನೋಟಗಳು ಕಾಣಿಸುತ್ತಿದ್ದವು.

ಅಮ್ಮನ ತಗಡಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಅದರ ತಳದಲ್ಲಿ, ಅವಳ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಆ ಪ್ಲೇಟು ಇತ್ತು. ಪ್ರಾಯಶ್ಚಿತ್ತಕ್ಕೆ ಇಟ್ಟುಕೊಂಡಿರಬೇಕು ಎಂದುಕೊಂಡು ಹಾಗೆಯೇ ಮುಚ್ಚಿಟ್ಟಿದ್ದೆ. ಪವಿಯ ಪಟ್ಟಿ ನೋಡಿದ ಮೇಲೆ ನನಗೆ ಜಂಬ ಬಂತು. ನಿಮ್ಮವರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೇ ನಮ್ಮ ಮನೆಯಲ್ಲಿ ಹೆವಿ ಮೆಟಲ್ ಪ್ಲೇಟು ಬಂದಿತ್ತು ಎಂದು ಕೊಚ್ಚಿಕೊಂಡೆ. ಅವಳು ಬಿಡುತ್ತಾಳೆಯೇ? ಅವಳ ತಾತನ ಹಳೆಯ ರೇಡಿಯೋಗ್ರಾಮಿನ ಧೂಳು ಒರೆಸಿ ಪ್ಲೇಟು ಹಾಕಿದಳು. ಅದು ಸವೆದಿರಲಿಲ್ಲ. ಕೇಳಲು ಯಾರಿಗೆ ಬೇಕಾಗಿತ್ತು ಸವೆಯಲು?

ಮಗ್ಗಗಳು ಹಜಾರದೊಳಕ್ಕೆ ನುಗ್ಗಿದವು. ನಾನು ಕಣ್ಣು ಮುಚ್ಚಿದೆ. ಪವಿ ನೆಲದ ಮೇಲೆ ಕೂತು ಕಿವಿಯನ್ನು ಯಂತ್ರಕ್ಕೆ ಹಚ್ಚಿ ತಲೆ ತೂಗುತ್ತಿದ್ದಳು. ಆ ಸಂಗೀತ ಕೇಳಿ ಕೇಳಿ ಅವಳ ಕಿವಿಗೆ ಗದ್ದಲದೊಳಗಿನಿಂದ ದನಿ ಹೆಕ್ಕುವ ಅಭ್ಯಾಸವಾಗಿದೆ. ಪ್ಲೇಟು ಮುಗಿದ ಮೇಲೆ ಮತ್ತೊಮ್ಮೆ ಹಾಕಿ ಕ್ಯಾಸೆಟ್ಟಿಗೆ ಇಳಿಸಿಕೊಂಡಳು. ತನ್ನ ಟೇಪ್ ರೆಕಾರ್ಡರಿನಲ್ಲಿ ಏನೇನೋ ಗುಂಡಿ ತಿರುಗಿಸಿ ಸದ್ದಿನ ಕರ್ಕಶವನ್ನೆಲ್ಲ ಕೆಳಗಿಳಿಸಿದಳು.

"ಅಜ್ಜಿ, ಲೇಡಿ ವಾಯ್ಸ್ ಅರ್ಧಕ್ಕೇ ನಿಲ್ಲುತ್ತಲ್ಲ," ಎಂದಳು. "ಆಮೇಲೆ ಒಬ್ರು ಗಂಡಸು ಹಾಡ್ತಾರಲ್ಲ, ಅವ್ರು ಯಾರು?"

"ಗಂಡಸರು ಯಾರೂ ಇರ್ಲಿಲ್ಲ ಕಣ್ಣು. ಆ ರೆಕಾರ್ಡಿನವ್ನು ಕಿರುಚಿದ್ದು ಇರ್ಬೇಕು."

"ಕಿರುಚೋದಲ್ಲ ಅಜ್ಜಿ. ಹಾಡು. ಮೊದಲ್ನಿಂದ್ಲೂ ಇದೆ. ಅವ್ರು ನಿಲ್ಸಿದ್ಮೇಲೂ ಇವ್ರು ಹಾಡ್ತಾನೇ ಇದಾರೆ, ಲಾಸ್ಟ್ ತನಕ. ಕೇಳಿ."

ಕೇಳಿದೆ. ಮಗ್ಗಗಳ ತಳದಲ್ಲಿ ಒಂದು ದನಿ ಇತ್ತು. ದಪ್ಪ ದನಿ, ಅವಸರವೇ ಇಲ್ಲದ್ದು. ಮಗ್ಗದ ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವೆ ಕಾಲಿಟ್ಟು ಕಾಲಿಟ್ಟು ನಡೆಯುತ್ತಿತ್ತು. ಯಾರ ಮೈಗೆ ಹೊರಟ್ಯೇ ನೂಲೇ. ಅ ಎಂಬುದನ್ನು ತಿರುಪ್ಪೂರಿನ ಕಡೆಯವರು ಎಳೆಯುವ ಹಾಗೆ ಎಳೆಯುವ ದನಿ. ಅತ್ತೆಗೆ ಗೊತ್ತಿಲ್ಲದ ಮೂರನೆಯ ನುಡಿ, ನಾಲ್ಕನೆಯ ನುಡಿಯೂ ಅದಕ್ಕೆ ಗೊತ್ತಿತ್ತು. ನನ್ನ ಅಮ್ಮ ಹಾಡುತ್ತಿದ್ದಳು. ಇಪ್ಪತ್ತು ವರ್ಷ ಅವಳ ಬೆನ್ನ ಹಿಂದೆ ಬೆಳೆದ ನನಗೆ ಅವಳು ಹಾಡುತ್ತಾಳೆ ಎಂಬುದೇ ಗೊತ್ತಿರಲಿಲ್ಲ. ಆ ಬೆನ್ನಿನ ಆಚೆ ಅವಳ ತುಟಿ ದಿನವೆಲ್ಲ ಏನು ಮಾಡುತ್ತಿತ್ತು ಎಂದು ನಾನು ಒಂದು ದಿನವೂ ಸುತ್ತಿ ಹೋಗಿ ನೋಡಿರಲಿಲ್ಲ.

ಪವಿ ಟೇಪ್ ನಿಲ್ಲಿಸಿದಳು. ಒಂದು ಚೀಟಿಯಲ್ಲಿ "ನಂಜಮ್ಮ, ಎರಡು ತರಿ, ಅನ್ನೂರು" ಎಂದು ತಮಿಳು ಅಕ್ಷರದಲ್ಲಿ ಬರೆದು, ಪಟ್ಟಿಯಲ್ಲಿ ಒಂದನೆಯವರ ತಲೆಯ ಮೇಲೆ ಅಂಟಿಸಿದಳು. ಆ ವಯಸ್ಸಿನ ನನ್ನ ಹಾಗೆ ಅವಳಿಗೂ ಕನ್ನಡ ಓದಲು ಬರುವುದಿಲ್ಲ.

ಮಾರನೆಯ ದಿನ ಟೌನ್ ಬಸ್ಸು ಹಿಡಿದು ಟೇಪ್ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ತುಡಿಯಲೂರಿಗೆ ಹೋದೆವು. ಸೌಂದರತ್ತೆಗೆ ಈಗ ಮಂಡಿ ನೋವು, ಹಲ್ಲು ನಾಲ್ಕೋ ಐದೋ. ಅವಳಿಗೂ ದಿಗ್ಭ್ರಮೆಯಾಗಬೇಕು ಎಂದು ಏನೂ ಹೇಳದೆ ಹಾಕಿದೆ. ತನ್ನ ದನಿ ಬಂದಾಗ ಅವಳ ಮುಖ ಅಲ್ಲಾಡಲಿಲ್ಲ. ಅದು ನಿಂತು ಇನ್ನೊಂದು ದನಿ ಮುಂದುವರಿದಾಗಲೂ ಅಲ್ಲಾಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಅತ್ತಿಗೆ," ಎಂದಳು.

"ನಿಂಗೆ ಗೊತ್ತಿತ್ತಾ ಅತ್ತೇ?"

"ಗೊತ್ತಿಲ್ದೆ? ಮೊಳದ ದೂರ್ದಲ್ಲಿ ನಿಂತಿದ್ನಲ್ಲ," ಎಂದಳು. "ಅವ್ಳು ಮದ್ವೆಯಾಗಿ ಬಂದಾಗ ನಂಗೆ ಐದು ವಯಸ್ಸು. ಹೆಗಲ ಮೇಲೆ ಹಾಕ್ಕೊಂಡು ಈ ಪಾಟು ತಾನ್ ಹಾಡ್ತಿದ್ಲು. ನಿಮ್ಮಜ್ಜಿ ಗಂಡು ಗಂಟಲು, ಮಗು ಹೆದ್ರುತ್ತೆ ಅಂತ ನಿಲ್ಸಿದ್ಲು. ನಾನು ಹೆದ್ರಿರ್ಲೇ ಇಲ್ಲ. ಆ ಪಾಟ್ನ ಇಟ್ಕೊಂಡು ನಾನು ಹೆಸ್ರು ತಗೊಂಡೆ. ಅವತ್ತು ಹಾಡ್ತಾ ಇದೀನಿ, ಗೋಡೆ ಆಚೆಯಿಂದ ಅದೇ ಗಂಟಲು ಬಂತು. ಹದಿನೆಂಟು ವರ್ಷ ಆದ್ಮೇಲೆ. ನನ್ ಬಾಯಿ ಅಲ್ಲೇ ನಿಂತೋಯ್ತು. ಆ ಗಂಟಲ ಮುಂದೆ ನನ್ದು ಹಾಡಾ?"

ಅವಳು ಹೆದರಿ ನಿಲ್ಲಿಸಿದಳು ಎಂದು ನಲವತ್ತು ವರ್ಷ ನಂಬಿದ್ದೆ. ಸಿಟ್ಟು ಬಂತು. "ಮತ್ತೆ ಅಮ್ಮನ್ನ ಎಲ್ಲಾರೂ ಬೈಯ್ದಾಗ ಯಾಕೆ ಹೇಳ್ಲಿಲ್ಲ? ನಾನೂ ಬೈಯ್ದೆ ಅತ್ತೇ. ನಾನೂ!"

"ಹೇಳಿದ್ರೆ ನಿಮ್ಮಜ್ಜಿ ತರಿ ಹತ್ರಾನೂ ಅವ್ಳ ಬಾಯಿ ಮುಚ್ಚಿಸ್ತಿದ್ಲು. ಅದಕ್ಕೇ ಹೇಳ್ಲಿಲ್ಲ ಅಂತ ನಂಗೆ ನಾನೇ ಹೇಳ್ಕೋತೀನಿ." ಅತ್ತೆ ನೋಯುವ ಮಂಡಿಯನ್ನು ನೀವಿಕೊಂಡಳು. "ಅದು ಪೂರಾ ನಿಜ ಅಲ್ಲ. ಪ್ಲೇಟು ಅವ್ಳಿಂದ ಕೆಟ್ಟಿತು ಅಂದ್ರೆ ನನ್ ಹೆಸ್ರು ಉಳೀತು. ಅದೂ ಇತ್ತು."

ನನಗೆ ಅವಳನ್ನು ಬೈಯಬೇಕು ಎನಿಸಿತು. ಅಳಬೇಕು ಎಂದೂ ಎನಿಸಿತು. ಪವಿಗೆ ನಮ್ಮಿಬ್ಬರನ್ನು ನೋಡಿ ಏನು ಮಾಡುವುದೆಂದು ತೋಚದೆ, ಸಹಾಯ ಮಾಡೋಣ ಎಂದುಕೊಂಡಳೋ ಏನೋ, "ಪಾಟಿ, ನಮ್ಮ ಕಾಲೇಜ್ ಲ್ಯಾಬ್‌ನಲ್ಲಿ ಕೊಟ್ರೆ ಮಷಿನ್ ಸದ್ದು ಫುಲ್ಲಾ ತೆಗ್ದು ಕೊಡ್ತಾರೆ. ಆಗ ಅವ್ರ ವಾಯ್ಸ್ ಒಂದೇ ಕ್ಲೀನಾ ಕೇಳ್ಸುತ್ತೆ," ಎಂದು ಅತ್ತೆಗೆ ಹೇಳಿದಳು.

ಸೌಂದರತ್ತೆ ತಟಕ್ಕನೆ ಅವಳ ಕೈ ಹಿಡಿದುಕೊಂಡಳು. ಅಂದು ಅಜ್ಜಿ ಆ ಮನುಷ್ಯನ ಮುಂಗೈ ಹಿಡಿದಂತೆಯೇ ಇತ್ತು.

"ತೆಗೀಬೇಡ ಕಣ್ಣು," ಎಂದಳು. "ಸದ್ದು ತೆಗೆದ್ರೆ ಅವ್ಳು ನಿಲ್ಲಿಸ್ಬುಡ್ತಾಳೆ."

ಪವಿ ಗುಂಡಿಗಳನ್ನೆಲ್ಲ ಮೊದಲಿದ್ದ ಜಾಗಕ್ಕೆ ತಿರುಗಿಸಿ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಹಾಕಿದಳು, ಈ ಸಲ ಪೂರ್ತಿ ಜೋರಾಗಿ. ಎರಡೂ ಮಗ್ಗಗಳು ಓಡತೊಡಗಿದವು. ಅತ್ತೆಯ ಗೂಡಿನ ಮೇಲೆ ಸ್ಟೀಲು ಲೋಟಗಳು ಸಣ್ಣಗೆ ಅದುರಿದವು. ನಾನು ಟೇಪ್ ರೆಕಾರ್ಡರಿನ ಕಡೆ ತಿರುಗಿ, ಒಂದೊಂದು ಅಕ್ಷರವೂ ತಿಳಿಯುವ ಹಾಗೆ ತುಟಿ ಬಿಡಿಸಿ, ಅಮ್ಮನಿಗೆ ಹೇಳಬೇಕಾದದ್ದನ್ನು ನಲವತ್ತು ವರ್ಷ ತಡವಾಗಿ ಹೇಳಿದೆ. ಬೆನ್ನು ತಟ್ಟಿ ತಿರುಗಿಸೋಣವೆಂದರೆ ಅಲ್ಲಿ ಬೆನ್ನು ಇರಲಿಲ್ಲ.